ಹೆಸರೇ ಇಲ್ಲದ ಆ ಕೋಚ್‌ಮನ್‌ನನ್ನು ಕಂಡರೆ ಯಾಕಿಷ್ಟು ಸಿಟ್ಟು?

ಅನಿಮೇಷನ್ ಸಿನಿಮಾಗಳ ದೊಡ್ಡ ವಿಲನ್‌ಗಳಿಗೆ ಅಭಿಮಾನಿಗಳ ಬಳಗವೇ ಇದೆ. ‘ದ ಲಯನ್ ಕಿಂಗ್’ (1994) ಚಿತ್ರದ ಸ್ಕಾರ್ ಸ್ವಂತ ಅಣ್ಣನನ್ನು ಕೊಲ್ಲುತ್ತಾನೆ. ಆ ಪಾಪವನ್ನು ಅಣ್ಣನ ಪುಟ್ಟ ಮಗನ ತಲೆಗೆ ಕಟ್ಟುತ್ತಾನೆ. ಆದರೂ ಅವನ ದನಿ, ಸೋಮಾರಿ ನಡಿಗೆ, ಚುಚ್ಚುಮಾತು ನೋಡುವವರಿಗೆ ಇಷ್ಟ. ‘ದ ಲಿಟಲ್ ಮರ್ಮೇಡ್’ (1989) ಚಿತ್ರದ ಅರ್ಸುಲಾ ಒಬ್ಬ ಹುಡುಗಿಯ ದನಿಯನ್ನೇ ಕಿತ್ತುಕೊಳ್ಳುತ್ತಾಳೆ. ಅವಳ ಹಾಡು ಶುರುವಾದರೆ ಮಕ್ಕಳು ಜೊತೆಗೆ ಹಾಡುತ್ತಾರೆ.

ಇದೇ ಲೋಕದಲ್ಲಿ ಇನ್ನೊಂದು ಬಗೆಯ ಕೆಟ್ಟವರೂ ಇದ್ದಾರೆ. ನಾಲ್ಕೈದು ಸೀನಿಗೆ ಬಂದು ಹೋಗುವವರು. ಕೆಲವರಿಗೆ ಹೆಸರೂ ಇರುವುದಿಲ್ಲ. ರಾಜ್ಯ ಕಬಳಿಸಲು ಬಂದವರಲ್ಲ, ಎಷ್ಟೋ ಸಲ ಕೊಲೆ ಮಾಡಿದವರೂ ಅಲ್ಲ. ಇವರನ್ನು ಕಂಡರೆ ಮಾತ್ರ ಯಾರಿಗೂ ಆಗುವುದಿಲ್ಲ. ಸಿನಿಮಾ ಮುಗಿದು ವರ್ಷಗಳಾದರೂ ಇವರ ಮುಖ ನೆನಪಾದರೆ ಮೈ ಉರಿಯುತ್ತದೆ. ತಪ್ಪಿನ ತೂಕ ಹಾಕಿದರೆ ಸ್ಕಾರ್ ಇವರಿಗಿಂತ ಎಷ್ಟೋ ಪಾಲು ಕೆಟ್ಟವನು. ಹಾಗಿದ್ದೂ ಹೀಗೆ ಯಾಕಾಗುತ್ತದೆ?

ದೊಡ್ಡ ವಿಲನ್ ಇಷ್ಟವಾಗುವುದು ಯಾಕೆ ಅಂತ ನಮಗೆ ಗೊತ್ತಿರುವ ವಿಷಯವೇ. ಯಕ್ಷಗಾನದಲ್ಲಿ ಬಣ್ಣದ ವೇಷಕ್ಕಾಗಿಯೇ ಕಾದು ಕೂರುವವರಿದ್ದಾರೆ. ನಡುರಾತ್ರಿ ತೂಕಡಿಸುತ್ತಿದ್ದವರೂ ರಾಕ್ಷಸನ ಆರ್ಭಟ ಕೇಳಿ ಎದ್ದು ಕೂರುತ್ತಾರೆ. ಕೆಟ್ಟವನಿಗೆ ಕುಣಿತ, ಮಾತು, ಗತ್ತು ಕೊಟ್ಟರೆ ನೋಡುವವನ ಕಣ್ಣು ಕೆಟ್ಟತನ ಬಿಟ್ಟು ಆಟದ ಕಡೆ ಹೊರಳುತ್ತದೆ. ಸ್ಕಾರ್‌ಗೂ ಅರ್ಸುಲಾಗೂ ಆಗಿರುವುದು ಅದೇ. ಅವರಿಗೊಂದು ಆಸೆ ಇದೆ, ಒಂದು ಅವಮಾನದ ಕಥೆ ಇದೆ, ಒಂದು ಹಾಡಿದೆ.

ಇವನ್ನೆಲ್ಲ ಒಂದೊಂದಾಗಿ ಕಿತ್ತುಹಾಕಿ ನೋಡಿ. ಹಾಡಿಲ್ಲ. ನೋವಿನ ಕಥೆ ಇಲ್ಲ. ಜಗತ್ತನ್ನು ಗೆಲ್ಲುವ ಕನಸಿಲ್ಲ. ಉಳಿಯುವುದು ಲಾಭದ ಲೆಕ್ಕ, ಎದುರಿಗೊಂದು ಕೈಲಾಗದ ಜೀವ, ಜೊತೆಗೆ ತಾನೇನು ಮಾಡುತ್ತಿದ್ದೇನೆ ಅನ್ನುವ ಪೂರ್ತಿ ಅರಿವು. ಈ ಮೂರೂ ಸೇರಿದಾಗ ಹುಟ್ಟುವ ಪಾತ್ರವನ್ನು ಪ್ರೀತಿಸಲು ದಾರಿಯೇ ಇರುವುದಿಲ್ಲ. ನನ್ನ ಲೆಕ್ಕದಲ್ಲಿ ಇದರ ಅತ್ಯುತ್ತಮ ಉದಾಹರಣೆ ಸಿಗುವುದು ತುಂಬ ಹಳೆಯ ಸಿನಿಮಾ ಒಂದರಲ್ಲಿ. ಡಿಸ್ನಿಯ ‘ಪಿನೋಕಿಯೋ’ (1940). ಅದರಲ್ಲಿ ಬರುವ ಕೋಚ್‌ಮನ್.

ಕಥೆ ಬಹಳ ಜನಕ್ಕೆ ಗೊತ್ತು. ಜೆಪೆಟ್ಟೋ ಅನ್ನುವ ಮರಗೆಲಸದ ಮುದುಕ ಒಂದು ಗೊಂಬೆ ಮಾಡುತ್ತಾನೆ, ಅದಕ್ಕೆ ಜೀವ ಬರುತ್ತದೆ. ಶಾಲೆಗೆ ಹೊರಟ ಗೊಂಬೆ ಹುಡುಗನನ್ನು ದಾರಿಯಲ್ಲಿ ಒಂದು ನರಿ, ಒಂದು ಬೆಕ್ಕು ಸೇರಿ ಗೊಂಬೆಯಾಟದ ಸ್ಟ್ರೊಂಬೋಲಿಗೆ ಮಾರಿಬಿಡುತ್ತವೆ. ಅಲ್ಲಿಂದ ತಪ್ಪಿಸಿಕೊಂಡ ಹುಡುಗ ಮತ್ತೆ ಅದೇ ನರಿಯ ಕೈಗೆ ಸಿಕ್ಕಿ ‘ಪ್ಲೆಷರ್ ಐಲ್ಯಾಂಡ್’ ಅನ್ನುವ ಮೋಜಿನ ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿಗೆ ಹುಡುಗರನ್ನು ಸಾರೋಟಿನಲ್ಲಿ ಸಾಗಿಸುವವನೇ ಕೋಚ್‌ಮನ್. ಕೆಂಪು ಕೋಟು, ಬಿಳಿ ಕೂದಲು, ದಪ್ಪ ಮೈ. ದೂರದಿಂದ ನೋಡಿದರೆ ಮಕ್ಕಳಿಗೆ ಮಿಠಾಯಿ ಕೊಡುವ ತಾತನ ಹಾಗೆ ಕಾಣುತ್ತಾನೆ. ಇಡೀ ಸಿನಿಮಾದಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ.

ಅವನ ಮೊದಲ ಸೀನು ಹೇಗೆ ಕಟ್ಟಿದ್ದಾರೆ ನೋಡಿ. ಒಂದು ಹೋಟೆಲು, ಮೇಜಿನ ಸುತ್ತ ಮೂವರು. ನರಿ ಚುಟ್ಟಾ ಸೇದುತ್ತಾ ತನ್ನ ಸಾಹಸ ಕೊಚ್ಚಿಕೊಳ್ಳುತ್ತಿದೆ. ಬೆಕ್ಕು ಹೊಗೆಯ ಉಂಗುರವನ್ನು ಹಿಡಿದು ಬಿಯರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಳ್ಳುತ್ತದೆ. ನಗು ಬರುವ ಹಾಗಿದೆ. ಪಿನೋಕಿಯೋನನ್ನು ಮಾರಿದ್ದಕ್ಕೆ ಸಿಕ್ಕಿದ ಪುಟ್ಟ ಹಣದ ಚೀಲವನ್ನು ನರಿ ಹೆಮ್ಮೆಯಿಂದ ಮೇಜಿನ ಮೇಲೆ ಎಸೆಯುತ್ತದೆ. ಕೋಚ್‌ಮನ್ ಸುಮ್ನೆ ಕೇಳಿಸಿಕೊಂಡು, ತನ್ನ ದೊಡ್ಡ ಚೀಲವನ್ನು ತೆಗೆದು ಅದರ ಪಕ್ಕ ಇಡುತ್ತಾನೆ. ನಿಜವಾದ ದುಡ್ಡು ಮಾಡುವ ಮನಸ್ಸಿದೆಯಾ ಅಂತ ಕೇಳುತ್ತಾನೆ.

ನರಿಗೆ ಒಳಗೊಳಗೇ ಅನುಮಾನ. ಯಾರನ್ನಾದರೂ ಮುಗಿಸಬೇಕಾ ಅಂತ ಸನ್ನೆ ಮಾಡುತ್ತದೆ. ಹಾಗೇನೂ ಇಲ್ಲ ಅಂತಾನೆ ಕೋಚ್‌ಮನ್. ಶಾಲೆ ತಪ್ಪಿಸಿ ಅಲೆಯುವ ದಡ್ಡ ಹುಡುಗರನ್ನು ಹುಡುಕಿ ಕೊಟ್ಟರೆ ಸಾಕು, ಅವರನ್ನು ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ದ್ವೀಪದ ಹೆಸರು ಕೇಳುತ್ತಿದ್ದ ಹಾಗೆ ನರಿ ಬೆಚ್ಚಿಬೀಳುತ್ತದೆ. ಕಾನೂನು ಅಂತ ಒಂದಿದೆಯಲ್ಲ ಅಂತ ತೊದಲುತ್ತದೆ. ಆಗ ಕೋಚ್‌ಮನ್ ಹೇಳುತ್ತಾನೆ: ಭಯವೇ ಬೇಡ, ಅವರು ಯಾರೂ ವಾಪಸ್ ಬರುವುದಿಲ್ಲ, ಹುಡುಗರಾಗಿಯಂತೂ ಇಲ್ಲವೇ ಇಲ್ಲ. ಹೇಳುತ್ತಾ ಹೇಳುತ್ತಾ ಅವನ ಮುಖ ಪರದೆ ತುಂಬುತ್ತದೆ. ಇಷ್ಟು ಹೊತ್ತು ತಾತನ ಹಾಗಿದ್ದ ಮುಖದ ಬಾಯಿ ಕಿವಿಯವರೆಗೆ ಹಿಗ್ಗುತ್ತದೆ, ಕಣ್ಣು ಬೇರೆಯೇ ಆಗುತ್ತದೆ. ನರಿ, ಬೆಕ್ಕು ಎರಡೂ ಕುರ್ಚಿಯಲ್ಲೇ ಕುಗ್ಗಿಹೋಗುತ್ತವೆ. ಮರುಕ್ಷಣ ಅವನು ಮತ್ತೆ ಮೊದಲಿನ ಹಾಗೆ.

ಈ ಒಂದು ಸೀನಿನಲ್ಲಿ ಎಷ್ಟು ಕೆಲಸ ನಡೆದಿದೆ ಅಂತ ಗಮನಿಸಿ. ಸಣ್ಣ ಪಾತ್ರಕ್ಕೆ ಸಮಯ ಇರುವುದಿಲ್ಲ. ಅವನು ಎಷ್ಟು ಕೆಟ್ಟವನು ಅಂತ ಹತ್ತು ಘಟನೆ ಕಟ್ಟಿ ತೋರಿಸುವ ಹಾಗಿಲ್ಲ. ಅದಕ್ಕೇ ಚಿತ್ರದವರು ನರಿಯನ್ನು ಅಳತೆಗೋಲು ಮಾಡಿದ್ದಾರೆ. ನರಿ ಮೋಸಗಾರ ಅಂತ ನಮಗೆ ಆಗಲೇ ಗೊತ್ತು. ಮಗುವನ್ನು ಮಾರಿ ಬಂದು ಖುಷಿಯಲ್ಲಿದೆ. ಕೊಲೆಯ ಮಾತು ಬಂದರೂ ತಡೆದುಕೊಂಡಿತು. ಅಂಥ ನರಿಯೇ ಹೆದರಿತು ಅಂದಮೇಲೆ ಈ ಮನುಷ್ಯನ ವ್ಯಾಪಾರ ಎಂಥದ್ದಿರಬೇಕು? ಲೆಕ್ಕ ನಮ್ಮ ತಲೆಯಲ್ಲೇ ನಡೆಯುತ್ತದೆ. ಹೆದರಿದ ಮೇಲೂ ನರಿ ಆ ಕೆಲಸ ಒಪ್ಪಿಕೊಂಡಿತು ಅನ್ನುವುದು ಇನ್ನೂ ಕಹಿ. ಮುಂದೆ ಅದು ಡಾಕ್ಟರ ಸೋಗು ಹಾಕಿ, ನಿನಗೆ ಕಾಯಿಲೆ ಇದೆ, ವಿಶ್ರಾಂತಿ ಬೇಕು ಅಂತ ಪಿನೋಕಿಯೋನನ್ನು ನಂಬಿಸಿ, ಒಂದು ಇಸ್ಪೀಟು ಎಲೆಯನ್ನು ಟಿಕೆಟ್ ಅಂತ ಕೈಗೆ ಕೊಟ್ಟು ಕಳಿಸುತ್ತದೆ.

ದ್ವೀಪದಲ್ಲಿ ಎಲ್ಲ ಪುಕ್ಕಟೆ. ತಿಂಡಿ, ಚುಟ್ಟಾ, ಹೊಡೆದಾಟಕ್ಕೇ ಒಂದು ಡೇರೆ, ಒಡೆದು ಹಾಕಲಿಕ್ಕೇ ಒಂದು ಅಂದವಾದ ಮನೆ. ಅಲ್ಲಿ ಲ್ಯಾಂಪ್‌ವಿಕ್ ಅನ್ನುವ ಹುಡುಗ ಮೋನಾಲಿಸಾ ಚಿತ್ರದ ಮೇಲೆ ಬೆಂಕಿಕಡ್ಡಿ ಗೀರುತ್ತಾನೆ. ಹೊರಗಡೆ ಕೋಚ್‌ಮನ್ ಗೇಟು ಹಾಕಿಸುತ್ತಿದ್ದಾನೆ, ಪೆಟ್ಟಿಗೆಗಳನ್ನು ರೆಡಿ ಮಾಡಿಸುತ್ತಿದ್ದಾನೆ. ಸ್ವಲ್ಪ ಹೊತ್ತಿನಲ್ಲಿ ಹುಡುಗರಿಗೆ ಕತ್ತೆಯ ಕಿವಿ ಬರುತ್ತದೆ, ಬಾಲ ಬರುತ್ತದೆ, ಪೂರ್ತಿ ಕತ್ತೆಯೇ ಆಗುತ್ತಾರೆ. ಸಾರೋಟು ಎಳೆದು ತಂದದ್ದೂ ಕತ್ತೆಗಳೇ ಅಲ್ವಾ ಅಂತ ಆಗ ನಮಗೆ ಹೊಳೆಯುತ್ತದೆ.

ಇಲ್ಲಿ ಬರುವ ಒಂದು ಸಣ್ಣ ಘಟನೆ ನನ್ನ ಪ್ರಕಾರ ಇಡೀ ಅನಿಮೇಷನ್ ಇತಿಹಾಸದ ಅತಿ ಕ್ರೂರ ಗಳಿಗೆಗಳಲ್ಲಿ ಒಂದು. ಕತ್ತೆಗಳನ್ನು ಸಾಲಾಗಿ ಕೋಚ್‌ಮನ್ ಮುಂದೆ ತರುತ್ತಾರೆ. ಇನ್ನೂ ಹುಡುಗರ ಟೋಪಿ, ಬಟ್ಟೆ ಮೈಮೇಲಿದೆ. ಅವನು ಒಂದೊಂದನ್ನೇ ಹತ್ತಿರ ಎಳೆದು, ‘ನಿನ್ನ ಹೆಸರೇನು?’ ಅಂತ ಕೇಳುತ್ತಾನೆ. ಕತ್ತೆ ಅರಚುತ್ತದೆ. ಸರಿ, ನೀನು ಆಗುತ್ತೀಯ ಅಂತ ಅದನ್ನು ಪೆಟ್ಟಿಗೆಗೆ ತಳ್ಳುತ್ತಾರೆ. ಪೆಟ್ಟಿಗೆಗಳ ಮೇಲೆ ಉಪ್ಪಿನ ಗಣಿ, ಸರ್ಕಸ್ ಅಂತ ಬರೆದಿದೆ. ಒಳ್ಳೆಯ ಬೆಲೆ ಬರುತ್ತದೆ ಅಂತ ಅವನು ಖುಷಿಪಡುತ್ತಾನೆ. ಮುಂದಿನ ಕತ್ತೆಯ ಸರದಿ. ಅದೇ ಪ್ರಶ್ನೆ. ಅದು ಬಾಯಿ ಬಿಟ್ಟು ‘ಅಲೆಕ್ಸಾಂಡರ್’ ಅನ್ನುತ್ತದೆ. ಓ, ನಿನಗೆ ಇನ್ನೂ ಮಾತು ಬರುತ್ತಾ? ಬರುತ್ತೆ ಸರ್, ನಾನು ಮನೆಗೆ ಹೋಗಬೇಕು, ಅಮ್ಮನ ಹತ್ತಿರ ಹೋಗಬೇಕು. ಕೋಚ್‌ಮನ್ ಕೂಗುತ್ತಾನೆ, ಇವನನ್ನು ಒಳಗೆ ಹಾಕಿ, ಇನ್ನೂ ಮಾತಾಡುತ್ತಾನೆ! ಪಕ್ಕದ ಕಟಕಟೆಯಲ್ಲಿ ಅಂಥ ಕತ್ತೆಮರಿಗಳು ತುಂಬಿವೆ, ಎಲ್ಲ ಅಳುತ್ತಿವೆ. ಅವನು ಚಾಟಿ ಬೀಸಿ, ಮಜಾ ಮಾಡಿದಿರಲ್ಲ, ಈಗ ಬೆಲೆ ತೆರಿ ಅಂತ ಗದರುತ್ತಾನೆ.

ಮಗುವನ್ನು ಕಂಡರೆ ಯಾರಾದರೂ ಮೊದಲು ಕೇಳುವುದೇ ಹೆಸರನ್ನು. ನಿನ್ನ ಹೆಸರೇನು ಪುಟ್ಟಾ? ಅದು ಅಕ್ಕರೆಯ ಪ್ರಶ್ನೆ. ಕೋಚ್‌ಮನ್ ಅದೇ ಪ್ರಶ್ನೆಯಿಂದ ಸರಕು ಪರೀಕ್ಷೆ ಮಾಡುತ್ತಾನೆ. ಹೆಸರು ಹೇಳದಿದ್ದರೆ ಮಾರಾಟಕ್ಕೆ ಸಿದ್ಧ. ಹೆಸರು ಹೇಳಿದರೆ ಇನ್ನೂ ಹದಕ್ಕೆ ಬಂದಿಲ್ಲ. ಎದುರಿಗಿರುವುದು ಮಗು ಅಂತ ಅವನಿಗೆ ಗೊತ್ತಿಲ್ಲದೆ ಇಲ್ಲ. ಗೊತ್ತಿರುವುದಕ್ಕೇ ಕೇಳುತ್ತಿದ್ದಾನೆ. ಆ ಮಗು ಅಮ್ಮ ಅಂದದ್ದೂ ಅವನ ಕಿವಿಗೆ ಬಿದ್ದಿದೆ. ಅದರಿಂದ ಅವನು ತೆಗೆದುಕೊಂಡ ವಿಷಯ ಒಂದೇ: ಇದು ಇವತ್ತಿನ ಲೋಡಿಗೆ ಆಗುವುದಿಲ್ಲ.

ಅರಿವು ಅನ್ನುವ ಮಾತು ಇಲ್ಲಿ ಯಾಕೆ ಮುಖ್ಯ ಅಂದರೆ, ಅದು ಇಲ್ಲದಿದ್ದರೆ ದ್ವೇಷ ನಿಲ್ಲುವುದಿಲ್ಲ. ‘ಟಾಯ್ ಸ್ಟೋರಿ’ (1995) ಚಿತ್ರದ ಸಿಡ್ ಆಟಿಕೆಗಳನ್ನು ಪಟಾಕಿ ಕಟ್ಟಿ ಸಿಡಿಸುತ್ತಾನೆ, ತಂಗಿಯ ಗೊಂಬೆಯ ತಲೆ ಕಿತ್ತು ಬೇರೆ ತಲೆ ಅಂಟಿಸುತ್ತಾನೆ. ಆಟಿಕೆಗಳ ಕಣ್ಣಿನಿಂದ ನೋಡಿದರೆ ಅವನು ಯಮ. ಆದರೆ ಅವಕ್ಕೆ ಜೀವ ಇದೆ ಅಂತ ಆ ಹುಡುಗನಿಗೆ ಗೊತ್ತೇ ಇಲ್ಲವಲ್ಲ. ಇಷ್ಟು ಹೊಳೆದ ಕೂಡಲೇ ಸಿಟ್ಟು ಅರ್ಧ ಇಳಿಯುತ್ತದೆ. ‘ಫೈಂಡಿಂಗ್ ನೀಮೋ’ (2003) ಚಿತ್ರದಲ್ಲಿ ಮೀನಿನ ಚೀಲವನ್ನು ಅಲ್ಲಾಡಿಸುವ ಹುಡುಗಿ ಡಾರ್ಲಾ ಕೂಡ ಹಾಗೆಯೇ. ಇಬ್ಬರನ್ನೂ ನೋಡಿ ಹೆದರುತ್ತೇವೆ, ದ್ವೇಷಿಸುವುದು ಕಷ್ಟ.

ಇನ್ನೊಂದು ವಿಷಯ. ಪಿನೋಕಿಯೋ ಸಿನಿಮಾದಲ್ಲೇ ಇನ್ನೊಬ್ಬ ಕೆಟ್ಟವನಿದ್ದಾನೆ, ಸ್ಟ್ರೊಂಬೋಲಿ. ಕುತೂಹಲದ ಸಂಗತಿ ಅಂದರೆ ಅವನಿಗೂ ಕೋಚ್‌ಮನ್‌ಗೂ ದನಿ ಕೊಟ್ಟಿದ್ದು ಒಬ್ಬನೇ ನಟ, ಚಾರ್ಲ್ಸ್ ಜೂಡೆಲ್ಸ್. ಸ್ಟ್ರೊಂಬೋಲಿಯನ್ನು ಬಿಡಿಸಿದವನು ಬಿಲ್ ಟಿಟ್ಲಾ, ಆ ಕಾಲದ ಡಿಸ್ನಿ ಸ್ಟುಡಿಯೋದ ಅತಿ ಶಕ್ತಿವಂತ ಕಲಾವಿದರಲ್ಲಿ ಒಬ್ಬ. ಸ್ಟ್ರೊಂಬೋಲಿ ಅಬ್ಬರಿಸುತ್ತಾನೆ, ನಗುತ್ತಾನೆ, ತಿನ್ನುತ್ತಾನೆ, ಇಡೀ ಮೈ ಅಲೆಯ ಹಾಗೆ ಏಳುತ್ತದೆ, ಬೀಳುತ್ತದೆ. ಪಿನೋಕಿಯೋನನ್ನು ಪಂಜರದಲ್ಲಿ ಹಾಕಿ, ಮುದುಕನಾದರೆ ಸೌದೆ ಮಾಡುತ್ತೇನೆ ಅಂತ ಬೆದರಿಸುತ್ತಾನೆ. ಭಯ ಆಗುತ್ತದೆ, ನಿಜ. ಆದರೂ ಕಣ್ಣು ಕೀಳಲು ಆಗುವುದಿಲ್ಲ. ಅವನು ಬಣ್ಣದ ವೇಷದ ಕಡೆಯವನು. ಕೋಚ್‌ಮನ್‌ನಲ್ಲಿ ಅಂಥ ಅಬ್ಬರವೇ ಇಲ್ಲ. ಅವನು ಕೆಲಸಕ್ಕೆ ಬಂದವನು. ಬಾಗಿಲು ಹಾಕಿ, ಪೆಟ್ಟಿಗೆ ತನ್ನಿ, ಬೇಗ ಬೇಗ. ಆ ಮೊದಲ ಸೀನಿನ ಒಂದು ವಿಕಾರದ ನಗು ಬಿಟ್ಟರೆ ನೋಡಿ ಮೆಚ್ಚುವಂಥ ಯಾವ ಆಟವನ್ನೂ ಅವನಿಗೆ ಕೊಟ್ಟಿಲ್ಲ.

ಇದು ಅನಿಮೇಷನ್‌ಗೇ ಸಿಕ್ಕಿರುವ ಅನುಕೂಲ ಅಂತಲೂ ಹೇಳಬೇಕು. ನಟರಿರುವ ಸಿನಿಮಾದಲ್ಲಿ ವಿಲನ್ ಎಷ್ಟೇ ಕೆಟ್ಟವನಾಗಿರಲಿ, ಆ ನಟನ ಕಣ್ಣು, ದನಿ, ಹಿಂದೆ ನೋಡಿದ ಪಾತ್ರಗಳ ನೆನಪು, ಎಲ್ಲ ಸೇರಿ ಏನೋ ಒಂದು ಸೆಳೆತ ಉಳಿದುಬಿಡುತ್ತದೆ. ವಜ್ರಮುನಿಯವರ ಪಾತ್ರಗಳನ್ನು ಬೈದುಕೊಂಡೇ ವಜ್ರಮುನಿಯವರನ್ನು ನಾವು ಪ್ರೀತಿಸಿದ್ದು ಹಾಗೆ. ಬಿಡಿಸಿದ ಪಾತ್ರದಲ್ಲಿ ತಾನಾಗಿ ಬರುವುದು ಏನೂ ಇಲ್ಲ. ಹುಬ್ಬು ಎಷ್ಟು ಏರಬೇಕು, ಬೆರಳು ಎಷ್ಟು ಮಡಚಬೇಕು, ಎಲ್ಲವನ್ನೂ ಯಾರೋ ಕೂತು ನಿರ್ಧರಿಸಿರುತ್ತಾರೆ. ಪ್ರೀತಿ ಹುಟ್ಟಿಸುವ ಗೆರೆಗಳನ್ನು ಬೇಕೆಂದೇ ಬಿಟ್ಟುಬಿಡಬಹುದು.

ಅಪರೂಪಕ್ಕೆ ಎರಡೂ ಒಂದೇ ಪಾತ್ರದಲ್ಲಿ ಸಿಗುತ್ತವೆ. ‘ದ ರೆಸ್ಕ್ಯೂಯರ್ಸ್’ (1977) ಚಿತ್ರದ ಮೇಡಂ ಮೆಡೂಸಾಳನ್ನು ಬಿಡಿಸಿದವನು ಮಿಲ್ಟ್ ಕಾಲ್. ವಜ್ರದ ಆಸೆಗೆ ಅನಾಥ ಹುಡುಗಿ ಪೆನ್ನಿಯನ್ನು ಕತ್ತಲೆಯ ಬಿಲಕ್ಕೆ ಇಳಿಸುವ ಹೆಂಗಸು ಅವಳು. ಆದರೂ ಅವಳ ಆರ್ಭಟ, ಅವಸರ, ಒಡ್ಡೊಡ್ಡು ಬಿಂಕ ನೋಡಿದರೆ ನಗು ತಡೆಯುವುದಿಲ್ಲ. ಒಂದು ಸೀನಿನಲ್ಲಿ ಮಾತ್ರ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ಕನ್ನಡಿ ಮುಂದೆ ಕೂತು ಅಂಟಿಸಿದ ರೆಪ್ಪೆಗೂದಲು ಕೀಳುತ್ತಾ ಮೆಡೂಸಾ ಪೆನ್ನಿಯ ಹತ್ತಿರ ಸಿಹಿಯಾಗಿ ಮಾತಾಡುತ್ತಿರುತ್ತಾಳೆ. ಅನಾಥಾಶ್ರಮಕ್ಕೆ ವಾಪಸ್ ಹೋಗದಿದ್ದರೆ ನನ್ನನ್ನು ಯಾರೂ ದತ್ತು ತೆಗೆದುಕೊಳ್ಳುವುದಿಲ್ಲ ಅಂತ ಹುಡುಗಿ ಹೇಳುತ್ತದೆ. ನಿನ್ನಂಥ ಅಂದವಿಲ್ಲದ ಹುಡುಗಿ ಯಾರಿಗೆ ಬೇಕು ಅಂತ ಕೇಳುತ್ತಾಳೆ ಮೆಡೂಸಾ, ದನಿಯ ಸಿಹಿ ಕಡಿಮೆ ಮಾಡದೆ. ಬಿಲಕ್ಕೆ ಇಳಿಸಿದ್ದನ್ನು ಕ್ಷಮಿಸಿದ ಪ್ರೇಕ್ಷಕ ಈ ಮಾತನ್ನು ಕ್ಷಮಿಸುವುದಿಲ್ಲ. ಬಿಲ, ವಜ್ರ, ಮೊಸಳೆ ಎಲ್ಲ ಕಥೆಯ ಲೋಕದ್ದು. ಆ ಮಾತು ಮಾತ್ರ ನಿಜವಾದ ಮನೆಗಳಲ್ಲಿ, ನಿಜವಾದ ಮಕ್ಕಳಿಗೆ ಜನ ಹೇಳುವ ಮಾತು.

ಹೀಗೆ ಬಂದು ನಿಲ್ಲುವುದು ತಪ್ಪಿನ ಗಾತ್ರದ ವಿಷಯಕ್ಕೆ. ನಮ್ಮ ಅನುಭವಕ್ಕೆ ನಿಲುಕುವ ತಪ್ಪಿಗೆ ಕಾವು ಜಾಸ್ತಿ. ಇದನ್ನು ತುಂಬ ಚೆನ್ನಾಗಿ ಅರಿತವನು ನಿರ್ದೇಶಕ ಬ್ರ್ಯಾಡ್ ಬರ್ಡ್. ಅವನ ‘ದ ಇನ್‌ಕ್ರೆಡಿಬಲ್ಸ್’ (2004) ಚಿತ್ರದಲ್ಲಿ ಮುಖ್ಯ ವಿಲನ್ ಸಿಂಡ್ರೋಮ್. ಹಲವಾರು ಸೂಪರ್‌ಹೀರೋಗಳನ್ನು ಕೊಂದವನು. ಆದರೆ ಅವನು ಒಂದು ಕಾಲದಲ್ಲಿ ಹೀರೋನ ಹಿಂದೆ ಬಿದ್ದಿದ್ದ ಅಭಿಮಾನಿ ಹುಡುಗ, ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನಿಸಿಕೊಂಡವನು. ಅವನ ಬಗ್ಗೆ ಒಂದಿಷ್ಟು ಅಯ್ಯೋ ಅನ್ನಿಸಿಯೇ ಅನ್ನಿಸುತ್ತದೆ. ಅದೇ ಚಿತ್ರದಲ್ಲಿ ಗಿಲ್ಬರ್ಟ್ ಹಫ್ ಅಂತ ಒಬ್ಬನಿದ್ದಾನೆ, ಇನ್ಶೂರೆನ್ಸ್ ಕಂಪನಿಯ ಬಾಸ್. ಅವನು ಯಾರನ್ನೂ ಕೊಲ್ಲುವುದಿಲ್ಲ. ಕೈಯೆತ್ತಿ ಹೊಡೆಯುವುದೂ ಇಲ್ಲ. ಅವನನ್ನು ಕಂಡರೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಹೀರೋ ಬಾಬ್ ಪಾರ್ ಬೆಟ್ಟದಂಥ ಆಳು, ಗುರುತು ಮರೆಸಿಕೊಂಡು ಹಫ್‌ನ ಕೈಕೆಳಗೆ ಕೆಲಸ ಮಾಡುತ್ತಿರುವ ಹಳೆಯ ಸೂಪರ್‌ಹೀರೋ. ಹಫ್ ಅವನ ಸೊಂಟಕ್ಕೂ ಬರುವುದಿಲ್ಲ. ಬಾಬ್ ಒಬ್ಬ ಅಜ್ಜಿಗೆ ಕ್ಲೇಮ್ ಸಿಗಲಿ ಅಂತ ಕಂಪನಿಯ ಒಳದಾರಿಗಳನ್ನು ಮೆಲ್ಲಗೆ ಹೇಳಿಕೊಟ್ಟಿದ್ದಾನೆ. ಹಫ್ ಅವನನ್ನು ಕರೆಸುತ್ತಾನೆ. ನನಗೆ ಖುಷಿಯಾಗಿಲ್ಲ ಅಂತ ಶುರುಮಾಡಿ, ಯಾಕೆ ಅಂತ ಬಾಬ್ ಕೇಳಲಿ ಅಂತ ಕಾಯುತ್ತಾನೆ. ಕಂಪನಿ ಒಂದು ಗಡಿಯಾರ ಇದ್ದ ಹಾಗೆ, ಹಲ್ಲುಚಕ್ರಗಳೆಲ್ಲ ಹೊಂದಿಕೊಂಡು ತಿರುಗಬೇಕು ಅಂತ ಪಾಠ ಮಾಡುತ್ತಾನೆ. ಅಷ್ಟರಲ್ಲಿ ಕಿಟಕಿಯಾಚೆ ಗಲ್ಲಿಯಲ್ಲಿ ಒಬ್ಬನನ್ನು ಹೊಡೆದು ದೋಚುತ್ತಿರುವುದು ಬಾಬ್ ಕಣ್ಣಿಗೆ ಬೀಳುತ್ತದೆ. ಅಲ್ಲೊಬ್ಬನನ್ನು ದೋಚುತ್ತಿದ್ದಾರೆ, ಅವನಿಗೆ ನೆರವು ಬೇಕು ಅಂತಾನೆ ಬಾಬ್. ಅವನು ನಮ್ಮ ಪಾಲಿಸಿದಾರ ಆಗಿರದಿದ್ದರೆ ಸಾಕು ಅಂತಾನೆ ಹಫ್. ಓಡಿಹೋಗಿ ಬಿಡಿಸಲು ಬಾಬ್‌ಗೆ ಅರ್ಧ ನಿಮಿಷ ಸಾಕು. ಬಾಗಿಲು ತೆರೆಯುತ್ತಾನೆ. ಹಫ್ ಹೇಳುತ್ತಾನೆ, ಹೊರಗೆ ಹೋದರೆ ಕೆಲಸ ಹೋಯಿತು. ಹೆಂಡತಿ, ಮಕ್ಕಳು, ಮನೆ ಎಲ್ಲ ನೆನಪಾಗಿ ಬಾಬ್ ಬಾಗಿಲು ಮುಚ್ಚುತ್ತಾನೆ. ಕಳ್ಳ ಓಡಿಹೋಗುತ್ತಾನೆ. ಅವನು ನಮ್ಮ ಪಾಲಿಸಿದಾರ ಆಗಿರದಿದ್ದರೆ ಸಾಕು ಅಂತಾನೆ ಹಫ್.

ಈ ಸೀನಿನ ಜಾಣತನ ಇರುವುದು ಹಫ್‌ನ ಕೈಯಲ್ಲಿರುವ ಅಧಿಕಾರದಲ್ಲಿ. ಬಾಬ್‌ನ ತೋಳಿನಲ್ಲಿ ರೈಲು ತಡೆಯುವ ಶಕ್ತಿ ಇದೆ. ಹಫ್‌ನ ಹತ್ತಿರ ಇರುವುದು ಸಂಬಳ ನಿಲ್ಲಿಸುವ ಶಕ್ತಿ. ಅದೇ ಗೆಲ್ಲುತ್ತದೆ. ಕೆಲಸ ಮಾಡುವ ಯಾರಿಗಾದರೂ ಇದು ಗೊತ್ತಿರುವ ಲೆಕ್ಕ. ಬೆಂಗಳೂರಿನ ಆಫೀಸಿನಲ್ಲಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಿಂಡ್ರೋಮ್‌ನಂಥವನು ನಮ್ಮ ಬದುಕಿನಲ್ಲಿ ಎದುರಾಗುವುದಿಲ್ಲ. ಹಫ್ ಎದುರಾಗುತ್ತಾನೆ. ತಾನು ಕೆಟ್ಟವನು ಅನ್ನುವ ಯೋಚನೆಯೂ ಅವನಿಗೆ ಬಂದಿರುವುದಿಲ್ಲ, ಅದು ಇನ್ನೂ ಹೊಟ್ಟೆ ಉರಿಸುತ್ತದೆ.

ಮುಂದೇನಾಗುತ್ತದೆ? ಬಾಬ್ ಅವನ ಕತ್ತು ಹಿಡಿದು ಎಸೆಯುತ್ತಾನೆ. ಹಫ್ ಒಂದರ ಹಿಂದೊಂದು ಗೋಡೆ ತೂರಿಕೊಂಡು ಹೋಗಿ ಬೀಳುತ್ತಾನೆ. ನೋಡುವವರಿಗೆ ಒಂದು ಕ್ಷಣ ಹಬ್ಬ. ಆದರೆ ಬರ್ಡ್ ಅಲ್ಲಿಗೇ ಬಿಡುವುದಿಲ್ಲ. ಮುಂದಿನ ಸೀನು ಆಸ್ಪತ್ರೆ. ಹಫ್ ಮೈತುಂಬ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದಾನೆ. ಬಾಬ್‌ನ ಕೆಲಸ ಹೋಗಿದೆ. ಅವನ ಕುಟುಂಬವನ್ನು ಇಷ್ಟು ವರ್ಷ ಮರೆಯಲ್ಲಿಟ್ಟು ಕಾಪಾಡಿದ ಸರ್ಕಾರಿ ಅಧಿಕಾರಿ ಇನ್ನು ನನ್ನಿಂದ ಆಗುವುದಿಲ್ಲ ಅಂತ ಕೈಚೆಲ್ಲುತ್ತಾನೆ. ನಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಅದನ್ನು ತೀರಿಸಿಕೊಂಡ ಬೆಲೆ ಕಟ್ಟಿದ್ದು ಬಾಬ್‌ನ ಹೆಂಡತಿ ಮಕ್ಕಳು. ಸಣ್ಣ ವಿಲನ್ ಒಬ್ಬ ಹೊಡೆತ ತಿನ್ನಲಿಕ್ಕೆಂದೇ ಬರುವ ಸಿನಿಮಾಗಳು ಬೇಕಾದಷ್ಟಿವೆ. ಹೊಡೆದ ಮೇಲೆ ಏನಾಯಿತು ಅಂತ ನಿಂತು ತೋರಿಸುವವು ಕಡಿಮೆ.

ಕಾರಣ ಒಂದು ಸಿಕ್ಕರೆ ದ್ವೇಷ ಹೇಗೆ ಸಡಿಲವಾಗುತ್ತದೆ ಅನ್ನುವುದಕ್ಕೆ ಜಪಾನಿನ ಒಂದು ಪಾತ್ರ ನೋಡಬೇಕು. ಇಸಾವೊ ತಕಾಹಾತ ಮಾಡಿದ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ (1988). 1945ರ ಕೋಬೆ, ಬಾಂಬು ದಾಳಿ. ತಾಯಿ ಸತ್ತ ಮೇಲೆ ಸೇತಾ ಅನ್ನುವ ಹುಡುಗ ಪುಟ್ಟ ತಂಗಿ ಸೆತ್ಸುಕೋಳನ್ನು ಕರೆದುಕೊಂಡು ದೂರದ ಸಂಬಂಧಿ ಅತ್ತೆಯೊಬ್ಬಳ ಮನೆಗೆ ಬರುತ್ತಾನೆ. ಅವಳು ಇವರ ತಾಯಿಯ ಕಿಮೋನೋಗಳನ್ನು ಕೊಟ್ಟು ಅಕ್ಕಿ ತರುತ್ತಾಳೆ. ಕೆಲಸಕ್ಕೆ ಹೋಗುವ ತನ್ನ ಮಗಳಿಗೆ, ಬಾಡಿಗೆಗಿರುವವನಿಗೆ ಅನ್ನದ ಉಂಡೆ. ಈ ಮಕ್ಕಳಿಗೆ ತೆಳು ಗಂಜಿ. ನೋಡುವವರು ಆ ಹೆಂಗಸಿಗೆ ಶಾಪ ಹಾಕದೆ ಇರುವುದಿಲ್ಲ. ವಿಲನ್ ಅನ್ನುವಂಥದ್ದು ಏನನ್ನೂ ಅವಳು ಮಾಡಿಲ್ಲ, ಬಡಿಸುವಾಗ ಭೇದ ಮಾಡಿದಳು ಅಷ್ಟೆ. ಊಟದಲ್ಲಿ ಭೇದ ಮಾಡುವುದು ನಮ್ಮ ಕಡೆಯೂ ಸುಲಭಕ್ಕೆ ಮರೆಯುವ ತಪ್ಪಲ್ಲ.

ಆದರೆ ಅದೇ ಸಿನಿಮಾವನ್ನು ದೊಡ್ಡವರಾದ ಮೇಲೆ ಇನ್ನೊಮ್ಮೆ ನೋಡಿದವರು ಬೇರೆ ಮಾತಾಡುತ್ತಾರೆ. ಯುದ್ಧ, ರೇಷನ್ನು, ಮನೆ ತುಂಬ ಬಾಯಿಗಳು. ಹುಡುಗ ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದಾನೆ. ಅವಳ ಜಾಗದಲ್ಲಿ ನಾನಿದ್ದರೆ ಅನ್ನುವ ಪ್ರಶ್ನೆ ಬರುತ್ತದೆ. ಅವಳ ಮೇಲಿನ ಸಿಟ್ಟು ಹೋಗುವುದಿಲ್ಲ, ಆದರೆ ಅದರಲ್ಲಿ ಸಂಕಟವೂ ಸೇರಿಕೊಳ್ಳುತ್ತದೆ. ಕೋಚ್‌ಮನ್‌ನನ್ನು ಎಷ್ಟು ಸಲ ನೋಡಿದರೂ ಹಾಗಾಗುವುದಿಲ್ಲ. ಅವನಿಗೆ ಹಸಿವಿಲ್ಲ, ಯುದ್ಧವಿಲ್ಲ, ಸಾಕಬೇಕಾದ ಮಕ್ಕಳಿದ್ದಾರೆ ಅನ್ನುವ ಸುಳಿವೂ ಇಲ್ಲ. ಅವನ ಜಾಗದಲ್ಲಿ ನಿಂತು ನೋಡಲು ಚಿತ್ರದವರು ಜಾಗವನ್ನೇ ಬಿಟ್ಟಿಲ್ಲ.

ಅವನು ಡಿಸ್ನಿ ಸ್ಟುಡಿಯೋದಲ್ಲಿ ಹುಟ್ಟಿದವನಲ್ಲ. ಇಟಲಿಯ ಕಾರ್ಲೊ ಕೊಲ್ಲೋಡಿ ಈ ಕಥೆಯನ್ನು 1881ರಿಂದ ಮಕ್ಕಳ ಪತ್ರಿಕೆಯೊಂದರಲ್ಲಿ ಕಂತುಕಂತಾಗಿ ಬರೆದ. 1883ರಲ್ಲಿ ಪುಸ್ತಕ ಬಂತು. ಅದರಲ್ಲಿ ಬರುವ ಗಾಡಿಯವನು ಬೆಣ್ಣೆಯುಂಡೆಯ ಹಾಗೆ ಮೆತ್ತಗಿರುವ ಪುಟ್ಟ ಮನುಷ್ಯ. ದನಿಯೂ ನಯ, ನಗುವೂ ನಯ. ಗಾಡಿಯ ಚಕ್ರಕ್ಕೆ ನಾರು, ಚಿಂದಿಬಟ್ಟೆ ಸುತ್ತಿದ್ದಾನೆ, ಸದ್ದು ಬರದಿರಲಿ ಅಂತ. ಎಳೆಯಲು 24 ಕತ್ತೆಗಳು, ಅವುಗಳ ಕಾಲಿಗೆ ಮನುಷ್ಯರು ಹಾಕುವಂಥ ಬಿಳಿ ಚರ್ಮದ ಬೂಟು. ಪಿನೋಕಿಯೋ ಹತ್ತಲು ಹೋದಾಗ ಒಂದು ಕತ್ತೆ ಅವನನ್ನು ಕೆಡವುತ್ತದೆ. ಗಾಡಿಯವನು ನಗುತ್ತಾ ಅದರ ಹತ್ತಿರ ಹೋಗಿ, ಮುತ್ತು ಕೊಡುವವನ ಹಾಗೆ ಬಗ್ಗಿ, ಅದರ ಕಿವಿಯ ಅರ್ಧವನ್ನು ಕಚ್ಚಿ ಕಿತ್ತುಬಿಡುತ್ತಾನೆ. ಮಕ್ಕಳ ಪುಸ್ತಕದಲ್ಲಿ ಇಂಥದ್ದೊಂದು ಸಾಲು ಬರೆಯಲು ಧೈರ್ಯ ಬೇಕು.

ಕೊಲ್ಲೋಡಿಯ ಕಾಲದ ಇಟಲಿಯಲ್ಲಿ ಇದು ಬರೀ ಕಲ್ಪನೆಯಾಗಿರಲಿಲ್ಲ. ಬಡವರ ಮಕ್ಕಳನ್ನು ತಂದೆತಾಯಿಗಳಿಂದ ಕರಾರು ಮಾಡಿಕೊಂಡು ಪಡೆದು, ದೂರದ ಊರುಗಳ ಬೀದಿಗಳಲ್ಲಿ ವಾದ್ಯ ನುಡಿಸಿ ಬೇಡಲು ಹಚ್ಚುವ ದಲ್ಲಾಳಿಗಳಿದ್ದರು. ಮಕ್ಕಳನ್ನು ಹೀಗೆ ಅಲೆಮಾರಿ ಕಸುಬಿಗೆ ಬಳಸುವುದರ ವಿರುದ್ಧ 1873ರಲ್ಲಿ ಅಲ್ಲಿ ಕಾನೂನೇ ಬಂತು. ಸಿಸಿಲಿಯ ಗಂಧಕದ ಗಣಿಗಳಲ್ಲಿ ಚಿಕ್ಕ ಹುಡುಗರು ಅದಿರು ಹೊರುತ್ತಿದ್ದರು. ಕತ್ತೆಯಾಗಿ ಮಾರಾಟವಾಗುವ ಹುಡುಗರ ಕಥೆ ಓದುವಾಗ ಇದು ನೆನಪಿಗೆ ಬಾರದೆ ಇರುವುದಿಲ್ಲ.

ಕೊನೆಗೆ ಅವನಿಗೆ ಏನಾಗುತ್ತದೆ? ಏನೂ ಆಗುವುದಿಲ್ಲ. ಪುಸ್ತಕದಲ್ಲಿ ಅವನು ಹೀಗೇ ಮಕ್ಕಳನ್ನು ಮಾರಿ ಮಾರಿ ಕೆಲವೇ ವರ್ಷಗಳಲ್ಲಿ ಲಕ್ಷಾಧೀಶನಾಗುತ್ತಾನೆ. ಸಿನಿಮಾದಲ್ಲಿ ಪಿನೋಕಿಯೋ ಕತ್ತೆ ಕಿವಿ, ಬಾಲ ಹೊತ್ತು ಸಮುದ್ರಕ್ಕೆ ಹಾರಿ ತಪ್ಪಿಸಿಕೊಳ್ಳುತ್ತಾನೆ. ಕೋಚ್‌ಮನ್ ಆಮೇಲೆ ಪರದೆ ಮೇಲೆ ಬರುವುದೇ ಇಲ್ಲ. ಅಲೆಕ್ಸಾಂಡರ್, ಲ್ಯಾಂಪ್‌ವಿಕ್, ಕಟಕಟೆಯಲ್ಲಿದ್ದ ಉಳಿದ ಹುಡುಗರು, ಯಾರನ್ನೂ ಯಾರೂ ಬಿಡಿಸುವುದಿಲ್ಲ. ಮಕ್ಕಳ ಸಿನಿಮಾದಲ್ಲಿ ಕೆಟ್ಟವನು ಬಂಡೆಯಿಂದ ಬೀಳಬೇಕು, ಇಲ್ಲವೇ ಜೈಲಿಗೆ ಹೋಗಬೇಕು. ಆಗ ನೋಡಿದವರ ಸಿಟ್ಟು ಅಲ್ಲಿಗೇ ತೀರಿ, ಮನಸ್ಸು ಹಗುರಾಗುತ್ತದೆ. ಕೋಚ್‌ಮನ್ ವಿಷಯದಲ್ಲಿ ಆ ತೀರುವಳಿ ಇಲ್ಲ. ತಿಮಿಂಗಿಲ, ಜೆಪೆಟ್ಟೋ, ಖುಷಿಯ ಕೊನೆ ಎಲ್ಲ ಆದ ಮೇಲೂ ಸಾರೋಟು ಎಲ್ಲೋ ಓಡಾಡುತ್ತಲೇ ಇದೆ ಅನ್ನುವ ಕಸಿವಿಸಿ ಉಳಿಯುತ್ತದೆ. ಮಕ್ಕಳ ಜೊತೆ ಈ ಸಿನಿಮಾ ನೋಡುವವರಿಗೆ ಒಂದು ಮಾತು: ಉಳಿದ ಹುಡುಗರು ಏನಾದರು ಅಂತ ಮಗು ಕೇಳಿದರೆ ಸುಮ್ಮನೆ ಮಾತು ಮರೆಸಬೇಡಿ. ಅದು ಸಿನಿಮಾ ಉತ್ತರಿಸದೆ ಬಿಟ್ಟ ನಿಜವಾದ ಪ್ರಶ್ನೆ.

2022ರಲ್ಲಿ ಗಿಯೆರ್ಮೊ ದೆಲ್ ತೋರೊ ಇದೇ ಕಥೆಯನ್ನು ಸ್ಟಾಪ್ ಮೋಷನ್‌ನಲ್ಲಿ, ಅಂದರೆ ಗೊಂಬೆಗಳನ್ನು ಚೂರುಚೂರೇ ಕದಲಿಸಿ ಒಂದೊಂದೇ ಫೋಟೊ ತೆಗೆಯುವ ವಿಧಾನದಲ್ಲಿ, ಮತ್ತೆ ಮಾಡಿದಾಗ ಕೋಚ್‌ಮನ್‌ನನ್ನೂ ಕತ್ತೆಗಳನ್ನೂ ಪೂರ್ತಿ ಕೈಬಿಟ್ಟ. ಅವನ ಕಥೆ ನಡೆಯುವುದು ಮುಸೊಲಿನಿಯ ಇಟಲಿಯಲ್ಲಿ. ಮೋಜಿನ ದ್ವೀಪದ ಜಾಗದಲ್ಲಿ ಹುಡುಗರನ್ನು ಸೈನಿಕರನ್ನಾಗಿ ತಯಾರು ಮಾಡುವ ಶಿಬಿರ ಇದೆ. ಅದನ್ನು ನಡೆಸುವವನು ಊರಿನ ಫ್ಯಾಸಿಸ್ಟ್ ಅಧಿಕಾರಿ, ಪೊದೆಸ್ತಾ. ಸ್ವಂತ ಮಗನ ಕೈಗೆ ಬಂದೂಕು ಕೊಟ್ಟು ಪಿನೋಕಿಯೋನನ್ನು ಹೊಡಿ ಅನ್ನುವ ಅಪ್ಪ. ಮಗ ಒಪ್ಪುವುದಿಲ್ಲ, ಎದುರು ನಿಂತು ಮಾತಾಡುತ್ತಾನೆ. ಬಾಂಬು ಬಿದ್ದು ಪೊದೆಸ್ತಾ ಸಾಯುತ್ತಾನೆ. ಚಿತ್ರ ಬಹಳ ಚೆನ್ನಾಗಿದೆ, ಈ ಬದಲಾವಣೆಗೆ ಅದರದ್ದೇ ಬಲವಾದ ಅರ್ಥವೂ ಇದೆ. ಆದರೆ ದ್ವೇಷದ ವಿಷಯಕ್ಕೆ ಬಂದರೆ 1940ರ ಮುದುಕನ ತೂಕ ಇವನಿಗಿಲ್ಲ ಅಂತ ನನಗನ್ನಿಸುತ್ತದೆ. ಪೊದೆಸ್ತಾನಿಗೆ ನಂಬಿಕೆ ಒಂದಿದೆ, ಎಷ್ಟೇ ಕೆಟ್ಟದ್ದಿರಲಿ. ಒಬ್ಬ ಮಗನಿದ್ದಾನೆ, ಆ ಮಗ ಅಪ್ಪನ ಮೆಚ್ಚುಗೆಗಾಗಿ ಪಟ್ಟ ಪಾಡು ಕಾಣುತ್ತದೆ. ತಕ್ಕ ಶಿಕ್ಷೆಯೂ ಆಗುತ್ತದೆ. ಕೋಚ್‌ಮನ್‌ಗೆ ಕೊಡದೆ ಉಳಿಸಿದ್ದನ್ನೆಲ್ಲ ಇವನಿಗೆ ಕೊಟ್ಟಿದ್ದಾರೆ.